ನಂದನ ಸಂವತ್ಸರದ ಭರಣಿ

೧೦ ಜೂನ್ ೨೦೨೪, ಸೋಮವಾರ

ಈ ದಿನ ಬೆಳಿಗ್ಗೆ ಬೆಂಗಳೂರಿನ ಒಂದು ಖಾಸಗಿ ವಸ್ತುಸಂಗ್ರಹಾಲಯದಿಂದ ರೂಪ ಎಂಬ ಹೆಣ್ಣುಮಗಳು, ಹಳೆಯ ಅಕ್ಕಸಾಲಿಗರ ಮನೆಯೆಂದು ಕೇಳಿ, ಚಿಂತಾಮಣಿಯ ನಮ್ಮ ಮನೆಯನ್ನು ಹುಡುಕಿಕೊಂಡು ಬಂದಿದ್ದರು. ಚಿನ್ನದ ಮೇಲೆ ಬಣ್ಣದ ಗಾಜನ್ನು ಅರೆದು, ಕರಗಿಸಿ ಕೂರಿಸುವ ಮೀನಾ ಕೆಲಸದ ಹಳೆಯ ಕರಡಿಗೆ, ಭರಣಿಗಳ ಪ್ರದರ್ಶನವೊಂದನ್ನು ಅವರು ಆಗಸ್ಟ್ ತಿಂಗಳಲ್ಲಿ ಏರ್ಪಡಿಸಿದ್ದಾರೆ. ಶಿಡ್ಲಘಟ್ಟದ ಲಕ್ಷ್ಮೀನರಸಮ್ಮ ಎಂಬುವರು ತಮ್ಮ ಮನೆಯ ಕುಂಕುಮದ ಭರಣಿಯೊಂದನ್ನು ಅದಕ್ಕಾಗಿ ಎರವಲು ಕೊಡಲು ಒಪ್ಪಿರುತ್ತಾರೆ. ಸದರಿ ಭರಣಿಯ ಫೋಟೋ ತೋರಿಸಿ, ಅದರ ಮುಂದೆ ಇಡಲಿರುವ ಲೇಬಲ್ಲನ್ನು ಆಕೆ ಓದಿದರು. “ಬಹುಶಃ ಹೈದರಾಬಾದ್. ಮಾಡಿದವರು ತಿಳಿದಿಲ್ಲ.”

ತಾಲ್ಲೂಕು ಕಚೇರಿಯ ಮುಂದಿನ ಹೊಂಗೆಮರದ ನೆರಳಿನಲ್ಲಿ ಕುಳಿತು ಒಂದು ಆಯುಷ್ಯವೆಲ್ಲ ಊರವರ ಅರ್ಜಿಗಳನ್ನು ಬರೆದವನು ನಾನು. ‘ತಿಳಿದಿಲ್ಲ’ ಎಂಬ ಮಾತು ನನ್ನ ಬರವಣಿಗೆಯಲ್ಲಿ ಎಂದೂ ಬಂದದ್ದಿಲ್ಲ. “ಅಮ್ಮಾ, ಅದನ್ನು ಮಾಡಿದವರು ನನ್ನ ತಾತ ಕೋನಪ್ಪಾಚಾರಿಯವರು. ನೀವು ಈಗ ಕುಳಿತಿರುವ ಈ ಪಡಸಾಲೆಯಲ್ಲಿಯೇ ಅವರು ಅಗ್ಗಿಷ್ಟಿಕೆ ಇಟ್ಟುಕೊಂಡು ಕುಳಿತಿರುತ್ತಿದ್ದರು” ಎಂದೆನು.

“ಅದಕ್ಕೆ ಆಧಾರ ಏನಿದೆ ಸರ್?”

“ನಾನಿದ್ದೇನೆ.”

ಆಕೆ ನಕ್ಕು, “ಹಾಗಾದ್ರೆ ನೀವೇ ಬರೆದುಕೊಡಿ ಸರ್. ಲೇಬಲ್ ಇನ್ನೂ ಪ್ರಿಂಟ್ ಆಗಿಲ್ಲ” ಎಂದರು.

ನಮ್ಮಣ್ಣನ ಮೊಮ್ಮಗ ತಿರುಮಲೇಶನಿಗೆ ಫೋನು ಮಾಡಿ ತಿಳಿಸಿದೆನು. ಚಿಕ್ಕಬಳ್ಳಾಪುರದಲ್ಲಿ ಅವನ ಒಡವೆ ಅಂಗಡಿಗೆ ನನ್ನ ತಾತನ ಹೆಸರನ್ನೇ ಇಟ್ಟಿದ್ದಾನೆ. “ತಾತ, ಆ ಲೇಬಲ್ದು ಒಂದು ಫೋಟೋ ಸಿಕ್ರೆ ಸಾಕು, ಅಂಗಡಿ ಮುಂದೆ ಫ್ಲೆಕ್ಸ್ ಹಾಕಿಸ್ತೀನಿ” ಎಂದನು. ಫ್ಲೆಕ್ಸ್ ಎಂಬುದು ನನಗೆ ಹಿಡಿಸದ ವಸ್ತು. ಆದರೂ ಸಂತೋಷವಾಯಿತು.

೧೩ ಜೂನ್, ಗುರುವಾರ

ಅರ್ಜಿಯ ಕರಡು ಸಿದ್ಧವಾಗಿದೆ.

“ಚಿಂತಾಮಣಿ ಟೌನ್ ವಾಸಿ, ಎಪ್ಪತ್ತೊಂಬತ್ತು ವರ್ಷ ವಯಸ್ಸಿನ, ದಿವಂಗತ ಕೋನಪ್ಪಾಚಾರಿಯವರ ಖಾಸಾ ಮೊಮ್ಮಗನಾದ ನರಸಿಂಹಮೂರ್ತಿ ಎಂಬ ನಾನು ತಮ್ಮ ದಿವ್ಯ ಸನ್ನಿಧಾನದಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಮೇಲ್ಕಂಡ ಕೋನಪ್ಪಾಚಾರಿಯವರು ತಮ್ಮ ಹರೆಯದಲ್ಲಿ ಹೈದರಾಬಾದಿಗೆ ಹೋಗಿ ಮೀನಾ ಕೆಲಸವನ್ನು ಕಲಿತು ಬಂದು, ಈ ಸೀಮೆಯಲ್ಲಿ ಮತ್ತೊಬ್ಬರಿಲ್ಲ ಎಂಬಂತೆ ಸದರಿ ಕಸುಬನ್ನು ತಮ್ಮ ಅಂತ್ಯಕಾಲದವರೆಗೂ ನಡೆಸಿಕೊಂಡು ಬಂದಿರುತ್ತಾರೆ...”

ನಾಲ್ಕು ಪುಟ. ಇಂಥ ವಾಕ್ಯ ಬರೆದು ಬಹಳ ಕಾಲವಾಗಿತ್ತು. ಕಣ್ಣಿನ ಪೊರೆಯ ದೆಸೆಯಿಂದ ಅಕ್ಷರಗಳು ಗೆರೆ ಬಿಟ್ಟು ಇಳಿದಿವೆ. ಬರುವ ವಾರಗಳಲ್ಲಿ ಬಲಗಣ್ಣಿನ ಆಪರೇಷನ್ ಆಗಬೇಕಾಗಿದೆ.

ಬರೆಯುತ್ತಿರುವಾಗ ಮನೆಯ ಹಿಂದಿನ ಕೋಣೆಯಿಂದ ಏನನ್ನೋ ಅರೆಯುವ ಸದ್ದು ಕೇಳಿಬಂತು. ಕಲ್ಲಿನ ಮೇಲೆ ಕಲ್ಲು, ನಿಧಾನವಾಗಿ, ಸುತ್ತಿ ಸುತ್ತಿ. ಸೊಸೆ ಶೈಲಜಾಳನ್ನು ಕರೆದು ಕೇಳಿದೆನು.

“ಪಕ್ಕದ್ಮನೆ ಮಿಕ್ಸಿ ಇರ್ಬೇಕು ಮಾವ.”

ಮಿಕ್ಸಿ ಹಾಗೆ ಸದ್ದು ಮಾಡುವುದಿಲ್ಲ ಎಂದು ಆಕೆಗೂ ಗೊತ್ತು.

೧೯ ಜೂನ್, ಬುಧವಾರ

ಕಣ್ಣಾರೆ ನೋಡದೆ ರುಜು ಮಾಡಬಾರದೆಂದು ಶಿಡ್ಲಘಟ್ಟಕ್ಕೆ ಹೋಗಿ ಬಂದೆನು. ಲಕ್ಷ್ಮೀನರಸಮ್ಮನವರದು ರೇಷ್ಮೆಗೂಡಿನ ವ್ಯಾಪಾರದ ಮನೆ. ಯಜಮಾನರು ತೀರಿಕೊಂಡು ಎರಡು ವರ್ಷವಾಗಿದೆ. ಆಕೆಗೆ ಅರವತ್ತರ ಮೇಲಿರಬಹುದು, ಹಣೆ ಬರಿದು. ಭರಣಿಯನ್ನು ಟವೆಲ್ಲಿನಲ್ಲಿ ಸುತ್ತಿ, ಮೈಗೆ ತಾಗಿಸದೆ ದೂರ ಹಿಡಿದು ತಂದು ಸ್ಟೂಲಿನ ಮೇಲೆ ಇಟ್ಟರು.

“ನಾನು ಮುಟ್ಟಲ್ಲ ಆಚಾರ್ರೆ. ನೀವೇ ಬಿಚ್ಚಿ ನೋಡಿ. ನಮ್ಮತ್ತೆ ಮದುವೇಲಿ ಅವರ ತೌರಿನೋರು ಮಾಡಿಸಿಕೊಟ್ಟಿದ್ದು. ಇನ್ನು ಇಲ್ಲಿದ್ದು ಯಾರಿಗೆ ಬೇಕು? ಬೆಂಗಳೂರಿನೋರು ನಾಲ್ಕು ಜನಕ್ಕೆ ತೋರಿಸ್ತೀನಿ ಅಂದ್ರು. ಹೋಗ್ಲಿ ಅಂದೆ.”

ದೊಡ್ಡ ನಿಂಬೆಹಣ್ಣಿನ ಗಾತ್ರದ ಭರಣಿ. ಮುಚ್ಚಳದ ಮೇಲೆ ಬಳ್ಳಿಯ ನಡುವೆ ಒಂದು ನವಿಲು. ಎಲ್ಲವೂ ಒಂದೇ ಹಸಿರು, ಅಚ್ಚ ಗಿಣಿಹಸಿರು. ತಳದಲ್ಲಿ ‘ನಂದನ’ ಎಂದು ಸಂವತ್ಸರದ ಹೆಸರನ್ನು ಕೆತ್ತಿದೆ. ಅಂದರೆ ನನಗೆ ಏಳು ವರ್ಷವಾಗಿದ್ದ ಕಾಲ. ಮುಚ್ಚಳ ತೆಗೆದಾಗ ಯಾರೋ ಹಿಡಿದಿದ್ದ ಉಸಿರನ್ನು ಬಿಟ್ಟ ಹಾಗಾಯಿತು. ಹಳೆಯ ಕುಂಕುಮದ ವಾಸನೆ ಇರಬೇಕು.

ಹಿಂದಿರುಗುವಾಗ ಅರ್ಜಿಯನ್ನು ರಿಜಿಸ್ಟರ್ಡ್ ಅಂಚೆಗೆ ಹಾಕಿದೆನು.

೨೪ ಜೂನ್, ಸೋಮವಾರ

ಚಿಕ್ಕಬಳ್ಳಾಪುರ. ಬಲಗಣ್ಣು ಆಯಿತು. ಗೌರಿಬಿದನೂರಿನ ಕಾರ್ಖಾನೆಗೆ ರಜಾ ಹಾಕಿ ಮಗ ಜೊತೆಗೆ ಬಂದಿದ್ದನು. ಬರೆಯಬಾರದೆಂದು ಡಾಕ್ಟರ ಅಪ್ಪಣೆ. ಇಷ್ಟು ಸಾಕು.

೨೬ ಜೂನ್, ಬುಧವಾರ

ಕಟ್ಟಿದ ಕಣ್ಣಿನೊಳಗೆ ಒಬ್ಬ ಹೆಂಗಸು ಇದ್ದಾಳೆ. ನನಗೆ ಬೆನ್ನು ಹಾಕಿ ನೆಲದ ಮೇಲೆ ಕೂತಿದ್ದಾಳೆ. ತಲೆ ಮೇಲೆ ಬಿಳಿ ಸೆರಗು. ತೆರೆದ ಕಣ್ಣಿನಿಂದ ಹುಡುಕಿದರೆ ಇಲ್ಲ.

೨೮ ಜೂನ್, ಶುಕ್ರವಾರ

ಕಟ್ಟು ಬಿಚ್ಚಿದರು. ಶೈಲಜಾ ತಾನು ಪಾಠ ಹೇಳುವ ಶಾಲೆಗೆ ಹೊರಟು ನಿಂತಿದ್ದಳು. “ಈ ನೀಲಿ ಸೀರೆ ಹೊಸದೇನಮ್ಮ?” ಎಂದು ಕೇಳಿದೆನು.

“ಮಾವ, ಇದನ್ನ ನೀವೇ ಗೌರಿ ಹಬ್ಬಕ್ಕೆ ಕೊಡಿಸಿದ್ದು! ಇಷ್ಟು ದಿನ ಯಾವ ಬಣ್ಣ ಅನ್ಕೊಂಡಿದ್ರಿ?”

“ಹಸಿರು.”

“ಅಯ್ಯೋ ದೇವ್ರೆ. ಹಸಿರು ಸೀರೆ ಅಂತಾನೇ ಕೊಡಿಸಿದ್ರಾ ಹಾಗಾದ್ರೆ!” ಎಂದು ನಕ್ಕು ಹೋದಳು.

ಆಕೆ ಹೋದ ಮೇಲೆ ಹಿಂದಿನ ಕೋಣೆಗೆ ಹೋದೆನು. ಹಿಂದೆ ರಾಗಿ ತುಂಬುತ್ತಿದ್ದ ಕೋಣೆ. ಬಿಳಿಯ ಗೋಡೆಯ ಮೇಲೆ, ಬಾಗಿಲಿನ ಚೌಕಟ್ಟಿನ ಪಕ್ಕದಲ್ಲಿ, ನನ್ನ ಸೊಂಟದ ಎತ್ತರಕ್ಕೆ ಕೆಂಪು ಬೆರಳಿನ ಗುರುತುಗಳಿದ್ದವು. ಒರಸಲು ಹೋದರೆ ಅಂಗೈಗೆ ಏನೂ ಹತ್ತಲಿಲ್ಲ. ಪಂಚೆಯ ಅಂಚಿನಲ್ಲಿಯೂ ಅದೇ ಗುರುತು.

ಆಸ್ಪತ್ರೆಗೆ ಫೋನು ಮಾಡಿದ್ದಕ್ಕೆ, ಆಪರೇಷನ್ ಆದ ಕಣ್ಣಿಗೆ ಕೆಲವರಿಗೆ ಕೆಲವು ದಿನ ಕೆಂಪು ಕಾಣುತ್ತದೆ, ಹೆದರಬೇಡಿ ಎಂದರು. ನಾನು ಹೆದರಿದ್ದೇನೆಂದು ಅವರಿಗೆ ಹೇಳಿದವರು ಯಾರು?

೨ ಜುಲೈ, ಮಂಗಳವಾರ

ರೂಪ ಫೋನು ಮಾಡಿದ್ದರು. ನನ್ನ ಅರ್ಜಿಯನ್ನು ಅವರ ಮೇಲಧಿಕಾರಿಗಳು ಒಪ್ಪಿರುತ್ತಾರೆ. ಲೇಬಲ್ಲಿನಲ್ಲಿ ‘ಕೋನಪ್ಪಾಚಾರಿ, ಚಿಂತಾಮಣಿ’ ಎಂದು ಬರುತ್ತದೆ. ತಿರುಮಲೇಶನು ಪೇಡಾ ತಂದು ಬೀದಿಗೆಲ್ಲ ಹಂಚಿದನು.

ಪೇಡಾ ಬಾಯಲ್ಲಿರುವಾಗ ನೆನಪಾಯಿತು, ಆ ಕೆಂಪು ಬೆರಳುಗಳು ಯಾರವೆಂದು.

ನಮ್ಮಲ್ಲಿ ಕುಂಕುಮದ ಭರಣಿಯನ್ನು ಗಿರಾಕಿಗೆ ಕೊಡುವ ಮುನ್ನ ಒಂದು ಪರೀಕ್ಷೆ ಮಾಡುವ ವಾಡಿಕೆ ಇತ್ತು. ಭರಣಿಯ ತುಂಬ ನುಣ್ಣನೆಯ ಕುಂಕುಮ ತುಂಬಿ, ಮುಚ್ಚಿ, ಬಿಳಿ ಬಟ್ಟೆಯ ಮೇಲೆ ಕವುಚಿ ತಟ್ಟಬೇಕು. ಒಂದು ಕಣ ಬಿದ್ದರೂ ಮುಚ್ಚಳವನ್ನು ಮತ್ತೆ ಕೂರಿಸಬೇಕು. ಆ ಪರೀಕ್ಷೆ ಪಡಸಾಲೆಯಲ್ಲಿ ನಡೆಯುತ್ತಿರಲಿಲ್ಲ, ಹಿಂದಿನ ಕೋಣೆಯಲ್ಲಿ ನಡೆಯುತ್ತಿತ್ತು. ಮಾಡುತ್ತಿದ್ದವಳು ನನ್ನ ಸೋದರತ್ತೆ. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತೌರಿಗೆ ಬಂದವಳು. ಮನೆಯವರೆಲ್ಲ ಆಕೆಯನ್ನು ‘ಒಳಗಿನಮ್ಮ’ ಎನ್ನುತ್ತಿದ್ದರು.

ಒಮ್ಮೆ ಆಕೆಯ ಹತ್ತು ಬೆರಳೂ ಕೆಂಪಾಗಿದ್ದುದನ್ನು ಕಂಡು ರಕ್ತವೆಂದು ತಿಳಿದು ನಾನು ಕಿರುಚಿದ್ದೆ. ಆಕೆ ನನ್ನ ಬಾಯಿ ಮುಚ್ಚಿದಳು. ನನ್ನ ಕೆನ್ನೆಯೂ ಕೆಂಪಾಯಿತು. ಆಮೇಲೆ ಬೂದಿ, ಹುಣಸೆಹಣ್ಣು ಹಾಕಿ ಕೈಯನ್ನು ಉಜ್ಜಿದ್ದೇ ಉಜ್ಜಿದ್ದು. ಬಾವಿಗೆ ಹೋಗುವ ಮುಂಚೆ ಅಜ್ಜಿ “ಎಲ್ಲಿ, ಕೈ ತೋರ್ಸು” ಎಂದು ಉಗುರಿನ ಸಂದಿಯನ್ನು ನೋಡಿಯೇ ಹೊರಗೆ ಬಿಡುತ್ತಿದ್ದಳು.

ಪರೀಕ್ಷೆ ಮಾತ್ರ ಆಕೆಯದು. ಕೆಲಸ ತಾತನದು. ಇದನ್ನು ಇಲ್ಲಿ ಸ್ಪಷ್ಟವಾಗಿ ಬರೆದಿಡುತ್ತೇನೆ.

೭ ಜುಲೈ, ಭಾನುವಾರ

ಕಪ್ಪು ಕನ್ನಡಕ ಹಾಕಿಕೊಂಡು ಶಿಡ್ಲಘಟ್ಟಕ್ಕೆ ಮತ್ತೆ ಹೋದೆನು. ಯಾತಕ್ಕೆ ಹೋದೆನೆಂದು ಲಕ್ಷ್ಮೀನರಸಮ್ಮನವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಕನ್ನಡಕ ತೆಗೆದು ನೋಡಿದೆನು. ನವಿಲು ಹಸಿರಾಗಿರಲಿಲ್ಲ. ಕುತ್ತಿಗೆ ನೀಲಿ. ಗರಿಯ ಒಂದೊಂದು ಕಣ್ಣಿನ ಒಳಗೂ ನೀಲಿ, ಅದನ್ನು ಸುತ್ತಿ ಹಸಿರು, ಮತ್ತೆ ನೀಲಿ. ನಡುವೆ ಕೂದಲೆಳೆಯಷ್ಟು ಚಿನ್ನದ ಗೋಡೆ. ಒಂದು ಬಣ್ಣ ಇನ್ನೊಂದರ ಮನೆಗೆ ಕಾಲಿಟ್ಟಿಲ್ಲ.

ಬಲಗಣ್ಣನ್ನು ಮುಚ್ಚಿಕೊಂಡು, ಇನ್ನೂ ಪೊರೆ ತೆಗೆಯದ ಎಡಗಣ್ಣಿನಿಂದ ನೋಡಿದೆ. ಎಲ್ಲವೂ ಹಸಿರು. ಎಡಗಣ್ಣು ಮುಚ್ಚಿ ಬಲಗಣ್ಣು ತೆಗೆದೆ. ನೀಲಿ. ಹಾಗೆಯೇ ಎಷ್ಟು ಸಲ ಮಾಡಿದೆನೋ. “ಕಣ್ಣು ನೋಯ್ತಾ ಇದೆಯಾ ಆಚಾರ್ರೆ?” ಎಂದು ಆಕೆ ಕೇಳಿದರು.

ನಂದನ ಸಂವತ್ಸರದಲ್ಲಿ ನನ್ನ ತಾತನ ಎರಡು ಕಣ್ಣಿಗೂ ಪೊರೆ ಬಂದು ಕೂತಿತ್ತು. ಬಚ್ಚಲಿಗೆ ಅವರನ್ನು ಕೈಹಿಡಿದು ಕರೆದೊಯ್ಯುತ್ತಿದ್ದವನು ನಾನೇ. ಸಾಯುವವರೆಗೂ ಅವರು ಪೊರೆ ತೆಗೆಸಲಿಲ್ಲ. ಗಿರಾಕಿಗಳು ಬಂದಾಗ ಊದುಕೊಳವೆ ಕೈಯಲ್ಲಿ ಹಿಡಿದು, ಬೆನ್ನು ನೆಟ್ಟಗೆ ಮಾಡಿ ಅಗ್ಗಿಷ್ಟಿಕೆಯ ಮುಂದೆ ಕೂರುತ್ತಿದ್ದರು. ಅದು ಎಷ್ಟೋ ಸಲ ಬೆಂಕಿಯಿಲ್ಲದ ಅಗ್ಗಿಷ್ಟಿಕೆ.

ಇಷ್ಟೂ ನನಗೆ ಗೊತ್ತಿದ್ದದ್ದೇ. ಗೊತ್ತಿದ್ದೂ ಒಂದರ ಪಕ್ಕದಲ್ಲಿ ಒಂದನ್ನು ಇಟ್ಟು ನೋಡಿರಲಿಲ್ಲ.

೮ ಜುಲೈ, ಸೋಮವಾರ

ಇವತ್ತು ಮಧ್ಯಾಹ್ನ ಅರೆಯುವ ಸದ್ದು ಪಡಸಾಲೆಗೆ ಬಂದಿತ್ತು.

೧೦ ಜುಲೈ, ಬುಧವಾರ

ತಿರುಮಲೇಶನನ್ನು ಕರೆಸಿ, ಭರಣಿಯನ್ನು ಮಾಡಿದವರು ತಾತನಲ್ಲ, ಒಳಗಿನಮ್ಮ ಎಂದು ತಿಳಿಸಿದೆನು. ಅವನು ಎದ್ದು ಬಾಗಿಲು ಮುಂದೆ ಮಾಡಿ ಬಂದನು.

“ತಾತ, ಇದನ್ನ ಇನ್ಯಾರ್ಗೆ ಹೇಳಿದ್ದೀರಾ?”

“ನಿನಗೇ ಮೊದಲು.”

“ನನಗೇ ಕೊನೇನೂ ಆಗ್ಲಿ. ಒಂದು ಸಲ ಯೋಚ್ನೆ ಮಾಡಿ. ಕುಂಕುಮದ ಭರಣಿ. ಮದುವೆ ಹೆಣ್ಣಿಗೆ ಕೊಡೋದು. ಅದನ್ನ ಮಾಡಿದ್ದು ಗಂಡ ಸತ್ತೋರು ಅಂತ ಬೋರ್ಡ್ ಹಾಕಿಸ್ತೀರಾ? ನನ್ನ ಅಂಗಡೀಲಿ ಯಾರಾದ್ರೂ ತಾಳಿ ಮಾಡಿಸ್ತಾರಾ ಆಮೇಲೆ?”

“ಈಗಿನ ಕಾಲದಲ್ಲಿ ಅದನ್ನೆಲ್ಲ ಯಾರಪ್ಪ ನೋಡುತ್ತಾರೆ?”

“ನೀವು ಕೌಂಟರ್ ಹಿಂದೆ ಒಂದು ದಿನ ಕೂತು ನೋಡಿ, ಯಾರು ನೋಡ್ತಾರೆ ಅಂತ. ಮುತ್ತಾತನ ಹೆಸರು ಬಂದಿದೆ. ಗೆದ್ದಿದ್ದೀರಿ. ಗೆದ್ದ ಕೇಸನ್ನ ಯಾರಾದ್ರೂ ತಾವೇ ಹೋಗಿ ಸೋಲ್ತಾರಾ? ನೀವು ಅರ್ಜಿ ಬರೆದೋರು, ನಿಮಗೆ ನಾನು ಹೇಳ್ಬೇಕಾ?”

ಅವನ ವಾದದಲ್ಲಿ ಲೋಪವಿರಲಿಲ್ಲ. ಹುಡುಗ ಬುದ್ಧಿವಂತ. ನನ್ನಣ್ಣ ಬದುಕಿದ್ದರೆ ಇದನ್ನೇ ಹೇಳುತ್ತಿದ್ದನು. ನಾನು ಸಹ, ಹೋದ ತಿಂಗಳು ಕೇಳಿದ್ದರೆ.

ಅವನು ಹೋದ ಮೇಲೆ ರೂಪ ಅವರಿಗೆ ಫೋನು ಮಾಡಿದೆನು. ಆಕೆ, ಭರಣಿಯ ಒಡೆಯರಾದ ಲಕ್ಷ್ಮೀನರಸಮ್ಮನವರು ಒಪ್ಪಿದರೆ ಮಾತ್ರ ಲೇಬಲ್ ಬದಲಾಯಿಸಲು ಸಾಧ್ಯವೆಂದೂ, ಅವರು ಬೇಸರಪಟ್ಟು ಭರಣಿಯನ್ನೇ ಕೊಡದಿದ್ದರೆ ಏನೂ ಮಾಡುವ ಹಾಗಿಲ್ಲವೆಂದೂ ತಿಳಿಸಿ, ಕೊನೆಯಲ್ಲಿ ಕೇಳಿದರು. “ಅವರ ಹೆಸರೇನು ಸರ್?”

ಒಳಗಿನಮ್ಮ ಎಂದೆ.

“ಅದಲ್ಲ ಸರ್. ಹೆಸರು.”

ನಾನು ಹೈಸ್ಕೂಲಿನಲ್ಲಿರುವಾಗ ಆಕೆ ತೀರಿಕೊಂಡಳು. ಅಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದೆ. ಆಕೆಯ ಕೈಯ ಅನ್ನವನ್ನು ತಿಂದಿದ್ದೆ. ತಿಳಿದು ಹೇಳುತ್ತೇನೆಂದು ಫೋನು ಇಟ್ಟೆನು.

೧೪ ಜುಲೈ, ಭಾನುವಾರ

ಕೆಂಚಾರ್ಲಹಳ್ಳಿಗೆ ಹೋಗಿ ಬಂದೆ. ಗಂಗುಲಮ್ಮ ಎಂಬ ಮುದುಕಿ ಅಲ್ಲಿದ್ದಾಳೆ. ಮದುವೆಯಾಗಿ ಆ ಊರಿಗೆ ಹೋಗುವವರೆಗೂ ನಮ್ಮ ಎದುರು ಮನೆಯಲ್ಲಿದ್ದವಳು. ತೊಂಬತ್ತು ದಾಟಿದೆ. ಹಿಪ್ಪುನೇರಳೆ ಸೊಪ್ಪಿನ ಮೂಟೆಗಳ ಪಕ್ಕದಲ್ಲಿ ಮಂಚ ಹಾಕಿಕೊಂಡು ಮಲಗಿದ್ದಳು. ಗುರುತು ಹೇಳಿದೆ.

“ಏಮಪ್ಪಾ, ಅರ್ಜಿ ಆಚಾರಿ! ಇನ್ನೂ ಇದ್ದೀಯಾ ನೀನು?”

“ಇದ್ದೀನಿ ಕಣಕ್ಕ. ಒಂದು ವಿಷಯ ಕೇಳಬೇಕಾಗಿತ್ತು. ನಮ್ಮ ಒಳಗಿನಮ್ಮ...”

“ಯಾರು, ಕೊಂಡಕ್ಕನಾ?”

ಇಷ್ಟೇ. ಬಾಯಿ ತುಂಬ, ನಿನ್ನೆ ಮೊನ್ನೆ ನೋಡಿದವಳನ್ನು ಕರೆದ ಹಾಗೆ. ಕೊಂಡಮ್ಮ. ನಾನು ಮಂಚದ ಕಾಲು ಹಿಡಿದುಕೊಂಡು ಕೂತೆ.

“ಅವಳ ಹೆಸರು ಕೇಳೋಕೆ ಇಲ್ಲೀತನಕ ಬಂದ್ಯಾ? ಊರೋರಿಗೆಲ್ಲ ಬರೆದೆ, ನಿಮ್ಮತ್ತೆ ಹೆಸರು ನಿನಗೆ ಗೊತ್ತಿಲ್ಲ! ಚೆನ್ನಾಗೈತೆ ಕಣಪ್ಪ ನಿನ್ನ ವಿದ್ಯೆ.” ಮುದುಕಿ ಕೆಮ್ಮಿ ಕೆಮ್ಮಿ ನಕ್ಕಳು. “ನಾನು ಹೋಗಿ ಹೋಗಿ ನೋಡ್ತಿದ್ದೆ. ಸೂಜಿ ಮೊನೇಲಿ ಬಣ್ಣ ಇಡೋಳು. ನಿಮ್ಮ ತಾತಪ್ಪ ಬಾಗಿಲತ್ರ ಕೂತು ‘ಆಯ್ತೇನಮ್ಮ, ಆಯ್ತೇನಮ್ಮ’ ಅಂತ ಮಗು ಥರ ಕೇಳೋರು. ಕಿಟಕಿ ತೆಗೆದ್ರೆ ಜನ ನೋಡ್ತಾರೆ ಅಂತ ನಿಮ್ಮಜ್ಜಿ ಸೂರಿಗೆ ಗಾಜಿನ ಹೆಂಚು ಹಾಕ್ಸಿದ್ಳು.”

ಆ ಹೆಂಚು ಇಂದಿಗೂ ಇದೆ. ರಾಗಿಗೆ ಬೆಳಕು ಯಾತಕ್ಕೆಂದು ನಾನು ಎಂದೂ ಕೇಳಿಕೊಂಡಿರಲಿಲ್ಲ.

“ತಾತ ಹೋದ ಮೇಲೆ ಮೀನಾ ಕೆಲಸ ನಿಂತುಹೋಯಿತಲ್ಲ ಅಕ್ಕ. ಆಮೇಲೆ ಯಾಕೆ ಮಾಡಲಿಲ್ಲ?”

“ಮುಂದೆ ಕೂತ್ಕೊಳ್ಳೋ ಮುದುಕ ಹೋದ ಮೇಲೆ ಹಿಂದೆ ಕೂತೋಳಿಗೆ ಕೆಲಸ ಯಾರು ಕೊಡ್ತಾರೆ?” ಮುದುಕಿ ಗೋಡೆಯ ಕಡೆ ತಿರುಗಿದಳು. “ಅರೆಯೋದು ಮಾತ್ರ ಬಿಡ್ಲಿಲ್ಲ. ಬಾಣಂತನಕ್ಕೆ ಬಂದಾಗ ನಾನೇ ಕಣ್ಣಾರೆ ನೋಡಿದ್ದೀನಿ. ಕಲ್ಲ ಮೇಲೆ ಬಣ್ಣ ಇಲ್ಲ, ಗಾಜಿಲ್ಲ. ಬರೀ ನೀರು. ಅರೀತಾನೇ ಇದ್ಳು.”

೧೬ ಜುಲೈ, ಮಂಗಳವಾರ

ಸದ್ದು ನಿಂತಿದೆ. ಕೆಂಪೂ ಹೋಯಿತು. ಮಧ್ಯಾಹ್ನವೆಲ್ಲ ಹಿಂದಿನ ಕೋಣೆಯಲ್ಲಿ ಹೆಂಚಿನ ಬೆಳಕು ನೆಲದ ಮೇಲೆ ಸರಿಯುವುದನ್ನು ನೋಡುತ್ತ ಕೂತಿದ್ದೆ. ಶಾಲೆಯಿಂದ ಬಂದ ಶೈಲಜಾ, “ಇಲ್ಲಿ ಯಾಕೆ ಮಾವ ಒಬ್ಬರೇ?” ಎಂದಳು. ಒಬ್ಬನೇ ಇದ್ದೇನೆಂಬುದು ಆಗ ತಿಳಿಯಿತು. ಅದು ಹಿತವಾಗಲಿಲ್ಲ.

೧೯ ಜುಲೈ, ಶುಕ್ರವಾರ

ಶಿಡ್ಲಘಟ್ಟ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಒಂದು ನಿರೂಪಣೆಯನ್ನು ಮನಸ್ಸಿನಲ್ಲೇ ಕಟ್ಟಿಕೊಂಡು ಹೋಗಿದ್ದೆ. ‘ತಮ್ಮಲ್ಲಿ ವಿನಮ್ರನಾಗಿ ನಿವೇದಿಸುವುದೇನೆಂದರೆ’ ಎಂದು ಶುರುವಾಗುವುದು. ಆಕೆಯ ಮುಂದೆ ಕೂತಾಗ ಒಂದು ಪದವೂ ಬರಲಿಲ್ಲ.

“ಈ ಭರಣೀನ ನಮ್ಮ ತಾತ ಮಾಡಲಿಲ್ಲಮ್ಮ. ನಮ್ಮತ್ತೆ ಮಾಡಿದ್ಳು. ಕೊಂಡಮ್ಮ ಅಂತ. ಅವಳಿಗೆ ಗಂಡ ಇರಲಿಲ್ಲ.”

ಲಕ್ಷ್ಮೀನರಸಮ್ಮನವರ ಮುಖ ಬಿಗಿಯಿತು.

“ಮಾಡಿಸಿದೋರಿಗೆ ಗೊತ್ತಿತ್ತಾ?”

“ಇಲ್ಲ. ಗೊತ್ತಾಗಿದ್ರೆ ತಗೊಳ್ತಿರಲಿಲ್ಲ.”

“ಹೌದು. ತಗೊಳ್ತಿರಲಿಲ್ಲ. ನಮ್ಮತ್ತೆ ಬೆಳಗೆದ್ದು ಇದರಲ್ಲೇ ಇಟ್ಕೊಳ್ಳೋರು. ಮುತ್ತೈದೆಯಾಗೇ ಹೋದ್ರು. ನಾನೂ ಇದರಲ್ಲೇ ಇಟ್ಕೊಂಡೆ, ನಮ್ಮ ಯಜಮಾನ್ರು ಹೋದ್ರು” ಎಂದು ಎದ್ದು ಒಳಗೆ ಹೋದರು.

ಬಹಳ ಹೊತ್ತು ಬರಲಿಲ್ಲ. ಬೀರು ತೆಗೆದ ಸದ್ದು, ಆಮೇಲೆ ಏನೂ ಇಲ್ಲ. ಆಯಿತು, ಎಂದುಕೊಂಡೆ. ಭರಣಿ ಇನ್ನು ಈ ಮನೆಯ ಹೊರಗೆ ಬರುವುದಿಲ್ಲ, ಅಥವಾ ನಾಳೆಯೇ ಕರಗಿಸುವವರ ಕೈಗೆ ಹೋಗುತ್ತದೆ. ಗೆದ್ದದ್ದನ್ನೂ ಕಳೆದೆ, ಅತ್ತೆಯ ಕೆಲಸವನ್ನೂ ಕಳೆದೆ. ಎದ್ದು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ.

“ಕಾಫಿ ಕುಡೀದೆ ಎಲ್ಲಿಗೆ ಹೊರಟ್ರಿ?”

ಒಂದು ಕೈಯಲ್ಲಿ ಲೋಟ, ಇನ್ನೊಂದು ಕೈಯಲ್ಲಿ ಭರಣಿ. ಟವೆಲ್ಲು ಇರಲಿಲ್ಲ. ಕುಳಿತು ಭರಣಿಯನ್ನು ಮಡಿಲಿನಲ್ಲಿಟ್ಟುಕೊಂಡು, ನವಿಲಿನ ಮೇಲೆ ಹೆಬ್ಬೆರಳು ಆಡಿಸಿದರು.

“ಆಯಮ್ಮ ಎಷ್ಟು ದಿನ ಕೂತಿರಬೇಕು ಇದನ್ನ ಮಾಡೋಕೆ?”

“ತಿಂಗಳುಗಟ್ಟಲೆ.”

“ಒಂದೇ ಒಂದು ಸಲಾನಾದ್ರೂ ಹಣೆಗಿಟ್ಟು ನೋಡ್ಕೊಂಡಿರ್ತಾರೆ ಬಿಡಿ. ಯಾರೂ ಇಲ್ಲದಾಗ.”

ನನಗೆ ಗೊತ್ತಿಲ್ಲ ಎಂದೆ.

“ನಿಮಗೇನು ಗೊತ್ತು, ಗಂಡಸರಿಗೆ. ನಾನು ಇಟ್ಕೊಂಡು ನೋಡಿದ್ದೀನಿ. ಬಾಗಿಲು ಹಾಕ್ಕೊಂಡು.” ಕಾಫಿ ನನ್ನ ಕಡೆ ತಳ್ಳಿದರು. “ಹೆಸರು ಹಾಕ್ಸಿ ಆಚಾರ್ರೆ. ದೊಡ್ಡಕ್ಷರದಲ್ಲಿ ಹಾಕ್ಸಿ. ಕನ್ನಡಕ ಇಲ್ದೇನೂ ನನಗೆ ಕಾಣ್ಬೇಕು.”

ತಿರುಮಲೇಶನಿಗೆ ಬಸ್‌ಸ್ಟ್ಯಾಂಡಿನಿಂದಲೇ ಹೇಳಿದೆ. “ಸರಿ ತಾತ” ಎಂದು ಫೋನು ಇಟ್ಟ. ಅವನು ಇನ್ನು ಸ್ವಲ್ಪ ದಿನ ನಮ್ಮ ಮನೆ ಕಡೆ ಬರಲಾರ.

೨೪ ಜುಲೈ, ಬುಧವಾರ

ರೂಪ ಹೊಸ ಲೇಬಲ್ ಕಳಿಸಿದ್ದರು. ಶೈಲಜಾ ಮೊಬೈಲಿನಲ್ಲಿ ಅಕ್ಷರ ದೊಡ್ಡದು ಮಾಡಿ ಕೊಟ್ಟಳು.

ಕುಂಕುಮದ ಭರಣಿ. ಚಿನ್ನ, ಮೀನಾ ಕೆಲಸ. ಚಿಂತಾಮಣಿ, ನಂದನ ಸಂವತ್ಸರ. ಕೋನಪ್ಪಾಚಾರಿ ಮತ್ತು ಅವರ ಮಗಳು ಕೊಂಡಮ್ಮ.

ಎರಡು ಸಲ ಓದಿ ಫೋನು ಮಾಡಿದೆ.

“ಕೋನಪ್ಪಾಚಾರಿ ತೆಗಿಯಮ್ಮ.”

“ಪೂರ್ತಿ ತೆಗೀಲಾ ಸರ್? ಅವರಿಗೋಸ್ಕರ ತಾನೇ ನೀವು ನಾಲ್ಕು ಪುಟ ಬರೆದಿದ್ದು?”

“ಪೂರ್ತಿ.”

“ಆಯ್ತು. ‘ಅವರ ಮಗಳು’ ಅನ್ನೋದನ್ನ ‘ಕೋನಪ್ಪಾಚಾರಿಯವರ ಮಗಳು’ ಅಂತ...”

“ಅದೂ ಬೇಡ.”

“ಬರೀ ಕೊಂಡಮ್ಮ ಅಂತ ಹಾಕಿದ್ರೆ ಯಾರಿವರು ಅಂತ ಜನ ಕೇಳ್ತಾರೆ ಸರ್.”

ಕೇಳಲಿ ಎಂದೆ.